ಪಾತ್ರೆ ವ್ಯಾಪಾರಿ ಗೊತ್ತುಮಾಡಿದ ಹೋಟೆಲು

"ಗುರುಗಳೇ, ಬಹಳ ದಿನ ಯೋಚಿಸಿ ಅಣಿಮಾಡಿದ ಕೆಲಸ ಒಂದೇ ಗಳಿಗೆಯಲ್ಲಿ ಕೆಟ್ಟುಹೋದರೆ ಏನೆಂದು ತಿಳಿಯಬೇಕು? ನಮ್ಮ ತಪ್ಪೆಂದೇ? ದೇವರ ಮುನಿಸೆಂದೇ?"

ಕೇಳಿದ ಶಿಷ್ಯನ ಮುಖ ಬಾಡಿತ್ತು. ಹಿಂದಿನ ದಿನ ಅವನ ಮೊದಲ ಪ್ರವಚನ. ನಡುವೆ ಮೈಕು ಕೆಟ್ಟಿತು. ಅದರ ಗಡಿಬಿಡಿಯಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಜನ ಒಬ್ಬೊಬ್ಬರಾಗಿ ಎದ್ದುಹೋದರು.

ಗುರು, "ಕೂತುಕೋ. ಒಬ್ಬ ಪಾತ್ರೆ ವ್ಯಾಪಾರಿಯ ವಿಷಯ ಹೇಳುತ್ತೇನೆ" ಎಂದರು.

ಆ ವ್ಯಾಪಾರಿಯ ಹೆಂಡತಿ ಸಕ್ಕರೆ ಕಾಯಿಲೆಯಿಂದ ತೀರಿಕೊಂಡಿದ್ದಳು. ಮನೆಯಲ್ಲಿ ಅವನು, ಅವನ ಒಬ್ಬಳೇ ಮಗಳು ಕುಮುದ. ಓದಿದವಳು, ಕೆಲಸದಲ್ಲಿ ಚುರುಕು. ತಾಯಿಯನ್ನು ಕೊನೆಯವರೆಗೂ ಎತ್ತಿ ಇಳಿಸಿ ನೋಡಿಕೊಂಡವಳು ಅವಳೇ. ಆದರೆ ಅವಳಿಗೆ ಮಾತು ತೊದಲುತ್ತಿತ್ತು. ಆಡಬೇಕಾದ ಪದ ನಾಲಿಗೆಗೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಪ್ಪನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಆ ಪದವನ್ನು ತಾನೇ ಹೇಳಿಬಿಡುತ್ತಿದ್ದ. ಪ್ರೀತಿಯಿಂದಲೇ ಹೇಳುತ್ತಿದ್ದ. ಬರಬರುತ್ತ ಮನೆಗೆ ಬಂದವರ ಎದುರು ಅವಳ ಮಾತನ್ನೆಲ್ಲ ಅವನೇ ಆಡತೊಡಗಿದ. ಅವಳು ತಲೆಯಾಡಿಸುವುದನ್ನು ಕಲಿತಳು.

ಸಂಬಂಧಗಳು ಬಂದವು, ಹೋದವು. ಬಂದವರು ಹುಡುಗಿಯ ಹೆಸರು ಕೇಳುತ್ತಿದ್ದರು. 'ಕು' ಎಂಬ ಅಕ್ಷರ ಹೊರಡುವಷ್ಟರಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಏಳುತ್ತಿದ್ದರು. ಯಾರೂ ತಿಳಿಸಲಿಲ್ಲ.

ಕೊನೆಗೆ ಒಂದು ಒಳ್ಳೆಯ ಮನೆತನದ ಸುದ್ದಿ ಬಂತು. ಹುಡುಗನ ಹೆಸರು ಮೃತ್ಯುಂಜಯ. ಪಕ್ಕದ ಜಿಲ್ಲೆಯಲ್ಲಿ ಸ್ವಂತ ಮುದ್ರಣಾಲಯ ಇಟ್ಟುಕೊಂಡಿದ್ದ. ಈ ಸಂಬಂಧವನ್ನು ಕಳೆದುಕೊಳ್ಳಬಾರದೆಂದು ವ್ಯಾಪಾರಿ ಬೇರೆ ದಾರಿ ಹಿಡಿದ. ಮನೆಯಲ್ಲಿ ಕೂರಿಸಿದರೆ ಎಲ್ಲರ ಕಣ್ಣು, ಕಿವಿ ಹುಡುಗಿಯ ಮೇಲೇ ಇರುತ್ತವೆ. ಊರಿನಲ್ಲಿ ಆಗಷ್ಟೇ ಒಂದು ಸಸ್ಯಾಹಾರಿ ಹೋಟೆಲು ತೆರೆದಿತ್ತು. ಬಾಗಿಲು ತೆಗೆಯಲು ಪೇಟ ಸುತ್ತಿದ ಆಳು, ಒಳಗೆ ಗೋಡೆಯ ಮೇಲಿಂದ ಇಳಿಯುವ ನೀರು, ನಾಲ್ಕೂ ಕಡೆಯಿಂದ ಸಂಗೀತ. ನೋಡುವುದಕ್ಕೆ ಬೇಕಾದಷ್ಟಿದೆ, ಕೇಳುವುದಕ್ಕೂ ಬೇಕಾದಷ್ಟಿದೆ, ಮಗಳ ತೊದಲು ಅದರಲ್ಲಿ ಮುಚ್ಚಿಹೋಗುತ್ತದೆ ಎಂದು ಅವನು ಎಣಿಸಿದ. ಗಂಡಿನ ಕಡೆಯವರನ್ನು ಅಲ್ಲಿಗೇ ಊಟಕ್ಕೆ ಕರೆದ. ತೊದಲಿನ ವಿಷಯವನ್ನು ಅವರಿಗೆ ತಿಳಿಸಲಿಲ್ಲ.

ಹೊರಡುವಾಗ ಮಗಳಿಗೆ, "ಏನು ಕೇಳಿದರೂ ನಗು ಮಗಳೇ. ಮಿಕ್ಕಿದ್ದು ನಾನು ನೋಡಿಕೊಳ್ತೀನಿ" ಎಂದ.

"ಮ... ಮದುವೆ ಆದಮೇಲೆ?" ಎಂದಳು ಕುಮುದ.

ಅವನು ಕೇಳಿಸದವನಂತೆ ಚಪ್ಪಲಿ ಮೆಟ್ಟಿಕೊಂಡ.

ಮೃತ್ಯುಂಜಯ, ಅವನ ತಂದೆ ತಾಯಿ, ಅಜ್ಜಿ, ನಾಲ್ವರೂ ನಸುಕಿನಲ್ಲೇ ಊರು ಬಿಟ್ಟು ಬಂದಿದ್ದರು. ಹೋಟೆಲಿಗೆ ಹೋದರೆ, ಮುಂಗಡವಾಗಿ ಹೇಳಿಟ್ಟಿದ್ದ ದೊಡ್ಡ ಮೇಜಿನಲ್ಲಿ ಬೇರೆ ಯಾರೋ ಕೂತು ಉಣ್ಣುತ್ತಿದ್ದರು. ಕೋಟು ತೊಟ್ಟ ಮ್ಯಾನೇಜರು ಕ್ಷಮೆ ಕೇಳಲಿಲ್ಲ. ನಾಲ್ವರನ್ನು ಒಂದು ಮೇಜಿಗೂ ಇಬ್ಬರನ್ನು ಕಂಬದ ಮರೆಯ ಚಿಕ್ಕ ಮೇಜಿಗೂ ಕೂರಿಸಿ ಹೋದ. ಚಿಕ್ಕ ಮೇಜು ಅಜ್ಜಿಗೂ ಕುಮುದಳಿಗೂ ಬಂತು. ಅಜ್ಜಿಗೆ ಕಿವಿ ಮಂದವೆಂದು ತಿಳಿದಾಗ ವ್ಯಾಪಾರಿಗೆ ಒಳಗೊಳಗೇ ಹಿಗ್ಗಾಯಿತು. ದೇವರು ದೊಡ್ಡವನು ಎಂದುಕೊಂಡ.

ಊಟ ಹೇಳಿದ್ದಾಯಿತು. ಊಟ ಬರಲಿಲ್ಲ. ನೀರು ಕೇಳಿದರೆ, ಯಾವ ನೀರು ಎಂದು ಕೇಳಿ ಹೋದವನು ತಿರುಗಿ ಬರಲಿಲ್ಲ. ಪಕ್ಕದ ಮೇಜಿನವರು ಬೇಸತ್ತು ಎದ್ದುಹೋದರು. ಆಚೆಯ ಮೇಜಿನಲ್ಲಿ ಒಬ್ಬ ಮುದುಕ, "ನಾನು ಹೇಳಿದ್ದು ಇದಲ್ಲಪ್ಪ, ಇದಲ್ಲ" ಎಂದು ಒಂದೇ ಸಮನೆ ಹೇಳುತ್ತಿದ್ದ. ಮಾಣಿ ಕೇಳದೆ ಅದನ್ನೇ ಅವನ ಮುಂದಿಟ್ಟು ಹೋದ.

"ಇಲ್ಲಿ ಎಲ್ಲ ಆಗಿಂದಾಗಲೇ ಮಾಡ್ತಾರಂತೆ. ಅದಕ್ಕೇ ತುಸು ತಡ" ಎಂದ ವ್ಯಾಪಾರಿ.

"ಇರಲಿ ಇರಲಿ, ಭಾರಿ ಜಾಗ" ಎಂದರು ಹುಡುಗನ ತಂದೆ. ಅವರ ಹೊಟ್ಟೆ ಗುರುಗುಟ್ಟಿದ್ದು ವ್ಯಾಪಾರಿಗೆ ಕೇಳಿಸಿತು.

ಕಡೆಗೂ ಏನೋ ಬಂತು. ಮೊರದಗಲದ ತಟ್ಟೆಯ ನಡುವೆ ಒಂದೇ ಬದನೆಕಾಯಿ. ಜೊತೆಗೆ ಹಪ್ಪಳದಂತೆ ಒಣಗಿಸಿದ ರೊಟ್ಟಿಯ ಚೂರುಗಳು. ಬದನೆಕಾಯಿ ತಣ್ಣಗಿತ್ತು. ಅದನ್ನೇ ನಾಲ್ವರೂ ಹಂಚಿಕೊಂಡು, ರುಚಿಯಾಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಕಂಬದ ಮರೆಯ ಮೇಜಿಗೆ ಅದೂ ಬರಲಿಲ್ಲ.

ಅಜ್ಜಿ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದಳು. ಬೀಗರಾಗುವವರ ಊಟ ಇದೆಯಲ್ಲ ಎಂದು ತಿಂಡಿ ಬಿಟ್ಟಿದ್ದಳು. ಅವಳ ಬೆರಳು ನಡುಗುವುದನ್ನು ಕುಮುದ ನೋಡಿದಳು. ತಣ್ಣನೆಯ ಹೋಟೆಲಿನಲ್ಲಿ ಅಜ್ಜಿಯ ಹಣೆಯ ಮೇಲೆ ಬೆವರು ಮೂಡಿದ್ದನ್ನೂ ನೋಡಿದಳು. ಆ ಬೆವರನ್ನು ಅವಳು ತನ್ನ ತಾಯಿಯ ಹಣೆಯಿಂದ ಎಷ್ಟು ಸಲ ಒರೆಸಿದ್ದಳೋ. ಎದುರಿಗೆ ಹೋಗುವ ಮಾಣಿಗಳಿಗೆ ಕೈಮಾಡಿದಳು. ಯಾರೂ ನಿಲ್ಲಲಿಲ್ಲ. ಕಂಬದಾಚೆ ಬಾಗಿ ಅಪ್ಪನ ಕಡೆ ನೋಡಿದಳು. ಅಪ್ಪ ಕಣ್ಣಿನಲ್ಲೇ, ಸುಮ್ಮನೆ ಕೂತಿರು ಎಂದ.

ಅವಳು ಎದ್ದುನಿಂತಳು.

ಮ್ಯಾನೇಜರು ಆ ದಾರಿಯಲ್ಲೇ ಹೋಗುತ್ತಿದ್ದ. ಅವಳು ಅಡ್ಡ ನಿಂತು, "ಸ... ಸ... ಸಕ್ಕ..." ಎಂದಳು.

"ಸ್ವೀಟು ಕೊನೆಗೆ ಬರುತ್ತೆ ಮೇಡಂ" ಎಂದು ಅವನು ಮುಖ ತಿರುಗಿಸಿ ಹೊರಟ.

"ನಿ... ನಿಲ್ಲಿ!" ಎಂದಳು ಕುಮುದ. "ನನ್ನ ಮಾತು ಮು... ಮುಗಿದಿಲ್ಲ."

ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲಿನ ಗಳಿಗೆ ಅದು. ಎಲ್ಲ ಮೇಜಿನವರೂ ತಿರುಗಿ ನೋಡಿದರು. ವ್ಯಾಪಾರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಎಂದಿನಂತೆ ಮಗಳ ಮಾತನ್ನು ತಾನೇ ಮುಗಿಸಿಬಿಡಲು ಅವಸರದಿಂದ ಎದ್ದ. ಆದರೆ ಅವಳು ಏನು ಹೇಳಹೊರಟಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಬಾಯಿ ತೆರೆದುಕೊಂಡು ನಿಂತ.

"ಅಜ್ಜಿಗೆ ಸ... ಸಕ್ಕರೆ ಇಳಿದಿದೆ. ಈಗಲೇ ಒಂದು ಹಿಡಿ ಸ... ಸಕ್ಕರೆ ತನ್ನಿ. ಆಮೇಲೆ ಬಿಸಿ ಅನ್ನ. ನಿ... ನಿಮ್ಮ ಪಟ್ಟಿಯಲ್ಲಿ ಇರಲಿ, ಬಿ... ಬಿಡಲಿ. ಅನ್ನ ಬೇಕು."

ಹೇಳಿ ಮುಗಿಯುವವರೆಗೂ ಮ್ಯಾನೇಜರು ಕದಲಲಿಲ್ಲ. ಮುಗಿದ ಮೇಲೆ ಓಡಿದ.

ಸಕ್ಕರೆ ಬಂತು, ಜೊತೆಗೆ ನೀರೂ ಬಂತು. ಕುಮುದ ಅದನ್ನು ನೀರಿನಲ್ಲಿ ಕದಡಿ ಅಜ್ಜಿಗೆ ಗುಟುಕು ಗುಟುಕಾಗಿ ಕುಡಿಸಿದಳು. ಮೃತ್ಯುಂಜಯ ಬಂದು ಅಜ್ಜಿಯ ಬೆನ್ನಿಗೆ ಕೈಕೊಟ್ಟು ಕೂತ. ನೋಡನೋಡುತ್ತಿದ್ದಂತೆ ಅಜ್ಜಿಯ ನಡುಕ ನಿಂತಿತು, ಕಣ್ಣಿಗೆ ಕಳೆ ಬಂತು. ಅಷ್ಟರಲ್ಲಿ ಅನ್ನವೂ ಬಂತು. ಕೆಲಸದವರು ತಮಗೆಂದು ಮಾಡಿಕೊಂಡಿದ್ದ ಅನ್ನ, ಬೇಳೆಸಾರು. ಹಬೆಯಾಡುತ್ತಿತ್ತು. ಅಜ್ಜಿ ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಮಿಕ್ಕವರು ಅವಳ ತಟ್ಟೆಯನ್ನೇ ನೋಡುತ್ತಿದ್ದರು.

"ನಮಗೂ ಅದೇ ಕೊಡಿಸಿ" ಎಂದರು ಹುಡುಗನ ತಂದೆ. ಆಮೇಲೆ ವ್ಯಾಪಾರಿಯ ಕಡೆ ತಿರುಗಿದರು. "ಯಜಮಾನರೇ, ಈ ವಿಷಯ ನಮಗೆ ಮೊದಲೇ ಹೇಳಬೇಕಾಗಿತ್ತು."

"ಹೇಳಬೇಕಾಗಿತ್ತು" ಎಂದ ವ್ಯಾಪಾರಿ. "ಹೆದರಿದೆ."

ಸಂಬಂಧ ಕೈತಪ್ಪಿತೆಂದೇ ಅವನು ತಿಳಿದ. ಆದರೆ ಆ ಒಂದು ಮಾತು ಹೊರಬಿದ್ದ ಕೂಡಲೇ, ವರ್ಷಗಟ್ಟಲೆ ಹೊತ್ತ ಹೊರೆಯನ್ನು ಯಾರೋ ತಲೆಯಿಂದ ಇಳಿಸಿಕೊಂಡಂತಾಯಿತು. ಇನ್ನು ಮುಚ್ಚುವುದಕ್ಕೆ ಏನೂ ಉಳಿದಿರಲಿಲ್ಲ. ಅವನಿಗೆ ಎಲ್ಲಿಲ್ಲದ ಹಸಿವಾಯಿತು. ತಟ್ಟೆಗೆ ಅನ್ನ ಬಿದ್ದದ್ದೇ ತಡ, ಯಾರ ಕಡೆಗೂ ನೋಡದೆ ಉಣ್ಣತೊಡಗಿದ.

ಹುಡುಗನ ತಾಯಿ ಮೊದಲು ನಕ್ಕಳು. "ಹೆದರಿದ್ದು ನೀವೊಬ್ಬರೇ ಅಲ್ಲಣ್ಣ. ಇಂಥಾ ಹೋಟೆಲಿಗೆ ಕರೆಯೋರು ನಮ್ಮ ಸೋರೋ ಮನೆ ನೋಡಿ ಏನಂತಾರೋ ಅಂತ ದಾರಿಯುದ್ದಕ್ಕೂ ನಾವೂ ಹೆದರಿಕೊಂಡೇ ಬಂದ್ವಿ."

ಅಜ್ಜಿ ತಟ್ಟೆಯಿಂದ ತಲೆಯೆತ್ತಿದಳು. "ನೀವೆಲ್ಲ ಏನು ಮಾತಾಡ್ತಿದ್ದೀರೋ ನನಗೆ ಒಂದೂ ಕೇಳಿಸಲಿಲ್ಲ. ಎಲ್ಲಾ ಗಡಿಬಿಡಿ. ಈ ಹುಡುಗಿ ಅಂದಿದ್ದು ಮಾತ್ರ ಪೂರ್ತಿ ಕೇಳಿಸ್ತು" ಎಂದಳು.

ಕೈತೊಳೆದು ಬಂದ ಮೇಲೆ ಮೃತ್ಯುಂಜಯ ಕುಮುದಳ ಎದುರು ಕೂತು, "ನನ್ನ ಹತ್ತಿರ ಏನಾದರೂ ಕೇಳೋದಿದ್ದರೆ ಕೇಳಿ" ಎಂದ.

ಕುಮುದ ಕೇಳಲು ಹೊರಟಳು. ಮೊದಲ ಅಕ್ಷರವೇ ಸಿಕ್ಕಿಕೊಂಡಿತು. ವ್ಯಾಪಾರಿಯ ತುಟಿ ತಾನಾಗಿಯೇ ಅಲುಗಿತು. ಅವನು ಹುಡುಗನ ಮುಖ ನೋಡಿದ. ಹುಡುಗ ನಡುವೆ ಬಾಯಿ ಹಾಕಲಿಲ್ಲ. ಕನಿಕರದಿಂದ ನೆಲವನ್ನೂ ನೋಡಲಿಲ್ಲ. ಬಸ್ಸು ಬರುತ್ತದೆಂದು ಗೊತ್ತಿರುವವನು ಕಾಯುವಂತೆ ಕಾದ. ವ್ಯಾಪಾರಿ ತುಟಿ ಮುಚ್ಚಿಕೊಂಡ.

"ಮು... ಮುದ್ರಣಾಲಯದಲ್ಲಿ ನನಗೂ ಕೆ... ಕೆಲಸ ಇರುತ್ತಾ?"

"ಇರುತ್ತೆ. ಅಚ್ಚಿನ ತಪ್ಪು ತಿದ್ದೋರು ಸಿಗದೇ ಒದ್ದಾಡ್ತಿದ್ದೀನಿ."

"ತಪ್ಪು ನಿ... ನಿಮ್ಮದಾದರೂ ತಿದ್ದಬಹುದಾ?"

ಮೃತ್ಯುಂಜಯ ಜೋರಾಗಿ ನಕ್ಕುಬಿಟ್ಟ. ಕುಮುದಳೂ ನಕ್ಕಳು. ಅಪ್ಪ ಹೇಳಿಕೊಟ್ಟ ನಗು ಅದಾಗಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ವ್ಯಾಪಾರಿ, "ಹುಡುಗ ನಿನಗೆ ಒಪ್ಪಿಗೆಯೇನವ್ವ?" ಎಂದು ಕೇಳಿದ. ಕೇಳಿ ಸುಮ್ಮನೆ ನಡೆದ. ಉತ್ತರ ನಿಧಾನವಾಗಿ ಬಂತು. ಪೂರ್ತಿ ಅವಳದೇ ಬಾಯಿಂದ ಬಂತು. ಆ ವರ್ಷ ಕಾರ್ತಿಕ ಮಾಸದಲ್ಲಿ ಮದುವೆಯಾಯಿತು.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಯೋಚಿಸಿ, "ಆ ಹುಡುಗಿಯ ಪುಣ್ಯ ಗಟ್ಟಿಯಿತ್ತು, ಗುರುಗಳೇ. ಆದರೂ ಆ ಹೋಟೆಲಿನವರು ಹೊತ್ತಿಗೆ ಸರಿಯಾಗಿ ಬಡಿಸಿದ್ದರೆ, ಹಸಿದು ಬಂದವರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ ಅಲ್ಲವೇ?" ಎಂದ.

ಗುರು ಎದ್ದು ಶಲ್ಯವನ್ನು ಹೆಗಲಿಗೇರಿಸಿಕೊಂಡರು.

"ಹೌದು, ಹೊತ್ತಿಗೆ ಸರಿಯಾಗಿ ಬಡಿಸಿದ್ದರೆ ಅಂದು ಎಲ್ಲರೂ ಹೊಟ್ಟೆ ತುಂಬ ಉಣ್ಣುತ್ತಿದ್ದರು, ಅವಳು ಬದುಕಿಡೀ ಬಾಯಿ ಮುಚ್ಚಿಕೊಂಡಿರುತ್ತಿದ್ದಳು."