ಬರ್ರೆಪ್ಪನ ದಿಬ್ಬ

ಕವಳಿಹಾಳದ ಹೊಲಗಳನ್ನು ದಾಟಿ ಕರಿಹಳ್ಳದ ದಂಡೆಗೆ ಬಂದರೆ, ಎದುರಿಗೆ ಕಲ್ಲು ಮಣ್ಣಿನ ಒಂದು ಎತ್ತರದ ದಿಬ್ಬ. ಅದರ ಮೇಲೆ ನಲವತ್ತು ಮನೆಗಳ ಊರು. ಇದೇ ಬರ್ರೆಪ್ಪನ ದಿಬ್ಬ. ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ಇದು ‘ಬರದ ದಿಬ್ಬ’ ಇದ್ದಿರಬೇಕು ಎಂದು ಬರೆದು ಹೋದರು. ರಸ್ತೆಯ ಫಲಕದಲ್ಲಿಯೂ ಹಾಗೇ ಬಂದಿದೆ. ಎರಡು ಸಲ ಅರ್ಜಿ ಕೊಟ್ಟೆ, ಯಾರೂ ತಿದ್ದಲಿಲ್ಲ. ಬರಕ್ಕೂ ಈ ಹೆಸರಿಗೂ ಸಂಬಂಧವೇ ಇಲ್ಲ. ಇದು ನೀರಿನಿಂದ ಹುಟ್ಟಿದ ಹೆಸರು. ಅದಕ್ಕಿಂತ ಹೆಚ್ಚಾಗಿ, ಒಬ್ಬ ಮುದುಕನ ಮಾತನ್ನು ನಲವತ್ತು ವರ್ಷ ಯಾರೂ ಕೇಳದೆ ಹೋದದ್ದರಿಂದ ಹುಟ್ಟಿದ ಹೆಸರು.

ಹಿಂದೆ ಒಮ್ಮೆ ಈ ಊರು ಕೆಳಗೆ, ಹಳ್ಳದ ಮಗ್ಗುಲಲ್ಲೇ ಇತ್ತು. ಅಲ್ಲಿ ಮಲಕಾಜಪ್ಪ ಎಂಬ ಒಕ್ಕಲಿಗನಿದ್ದ. ಅವನಿಗೆ ಆರು ಮಂದಿ ಗಂಡುಮಕ್ಕಳು, ಮೊಮ್ಮಕ್ಕಳ ಲೆಕ್ಕ ಅವನಿಗೇ ತಪ್ಪುತ್ತಿತ್ತಂತೆ. ಊರಿನ ಅರ್ಧ ಮನೆಗಳು ಅವನವೇ. ಯಾವ ಕೂಸಿಗೆ ಹೊಟ್ಟೆನೋವು ಬಂದರೂ ಅವನ ಮಡಿಲಿಗೆ ತಂದು ಹಾಕುತ್ತಿದ್ದರು. ಅವನಿಗೆ ಅರವತ್ತು ತುಂಬಿದ ವರ್ಷ ಹಳ್ಳ ಉಕ್ಕಿ ಊರೊಳಗೆ ನುಗ್ಗಿತು. ಬಿತ್ತನೆಯ ಜೋಳದ ಗಂಟು ತರಲು ಒಳಗೆ ಹೋದ ಅವನ ಹೆಂಡತಿ ನೀಲವ್ವ ಹೊರಗೆ ಬರಲೇ ಇಲ್ಲ. ಹದಿಮೂರು ದಿನ ಕಳೆದ ಮೇಲೆ ಮಲಕಾಜಪ್ಪ ಗುದ್ದಲಿ ಹೆಗಲಿಗೇರಿಸಿ ದಿಬ್ಬ ಹತ್ತಿದ. ಊರನ್ನೇ ಮೇಲಕ್ಕೆ ಒಯ್ಯೋಣ ಎಂದ. ಮಕ್ಕಳು ಒಪ್ಪಲಿಲ್ಲ. ಎಲ್ಲರ ಪರವಾಗಿ ಮಾತನಾಡಿದವನು ಕಿರಿಯ ಮಗ ದ್ಯಾವಪ್ಪ: “ಹೊಲಾ ಕೆಳಗ, ಭಾವಿ ಕೆಳಗ, ದೇವ್ರು ಕೆಳಗ. ಮ್ಯಾಲ ಹೋಗಿ ಗಾಳಿ ತಿನ್ನೂಣೇನು? ಬರೂ ಯುಗಾದಿಗೆ ನೋಡೂಣು ಬಿಡಪ್ಪಾ.”

ಆ ಯುಗಾದಿ ಬರಲೇ ಇಲ್ಲ. ಮುದುಕ ಒಬ್ಬನೇ ಮೇಲೆ ಉಳಿದು, ಮಗನಿಗೊಂದರಂತೆ ಆರು ಮನೆಗಳ ಗೋಡೆ ಎಬ್ಬಿಸಿದ. ಮಳೆಗೆ ಮಣ್ಣು ಕರಗಿ ಬೀಳುತ್ತಿತ್ತು, ಮತ್ತೆ ಮೆತ್ತುತ್ತಿದ್ದ. ಪಶ್ಚಿಮಕ್ಕೆ ಮೋಡ ಕಟ್ಟಿದಾಗಲೆಲ್ಲ ದಿಬ್ಬದ ಅಂಚಿಗೆ ನಿಂತು, ಕೈ ಬಾಯಿಗೆ ಹಿಡಿದು, “ಬರ್ರೆಪ್ಪಾ, ಮ್ಯಾಲ ಬರ್ರೆಪ್ಪಾ!” ಎಂದು ಕೂಗುತ್ತಿದ್ದ. ಕೆಳಗಿನ ಹುಡುಗರು ಅವನಿಗೆ ಬರ್ರೆಪ್ಪ ಎಂದೇ ಹೆಸರಿಟ್ಟರು. ಅವನ ಮೇಲೆ ಯಾರಿಗೂ ಪ್ರೀತಿ ಕಡಿಮೆ ಇರಲಿಲ್ಲ. ಅದೇ ಅವನ ಸಂಕಟ. ದ್ಯಾವಪ್ಪನ ಹೆಂಡತಿ ಸಾವಂತ್ರೆವ್ವ ದಿನವೂ ರೊಟ್ಟಿ ಬುತ್ತಿ ಹೊತ್ತು ಹತ್ತುತ್ತಿದ್ದಳು. ಹಬ್ಬ ಬಂದರೆ ಎಲ್ಲರೂ ಬಂದು ಅವನ ಕಾಲಿಗೆ ಬಿದ್ದು, ಹೊತ್ತು ಇಳಿಯುವ ಮೊದಲು ತಾವೂ ಇಳಿದು ಹೋಗುತ್ತಿದ್ದರು.

ಅವನಿಗೆ ತೊಂಬತ್ತಾದಾಗ ಹಳ್ಳ ಮತ್ತೆ ಬಂತು. ಅಂದು ಊರಿಗೆ ಊರೇ ದಿಬ್ಬ ಏರಿತು. ಒಂಬತ್ತು ದಿನ ಮುದುಕ ನೆಲದಡಿಯ ತನ್ನ ಹಗೇವಿನಲ್ಲಿ ಕೂಡಿಟ್ಟ ಜೋಳ ತೆಗೆದು ಎಲ್ಲರಿಗೂ ಉಣಬಡಿಸಿದ. ಮುರುಕು ಗೋಡೆಗಳ ನಡುವೆ ಮೊಮ್ಮಕ್ಕಳ ಮಕ್ಕಳು ಆಡುವುದನ್ನು ನೋಡುತ್ತ ಕೂತಿದ್ದ ಎನ್ನುತ್ತಾರೆ. ಹತ್ತನೆಯ ದಿನ ನೀರು ಇಳಿಯಿತು. ಜನ ಗಂಟುಮೂಟೆ ಕಟ್ಟಿದರು.

“ಎಲ್ಲಿಗ್ಯೋ?” ಎಂದ ಮಲಕಾಜಪ್ಪ.

“ಮನೀಗಪ್ಪ. ಕೆಸರು ಬಳೀಬೇಕು,” ಎಂದ ದ್ಯಾವಪ್ಪ.

ಮುದುಕ ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಬಡಿದು ಮುರಿದ. “ನಾ ಸತ್ತರೂ ನಿಮಗ ಬುದ್ಧಿ ಬರೂದಿಲ್ಲ!” ಎಂದು ಅತ್ತುಬಿಟ್ಟ. ಆದರೂ ಅವರು ಇಳಿದರು.

ಅವನು ನೂರಾ ಎರಡು ವರ್ಷ ಬದುಕಿದ. ಸತ್ತದ್ದು ಶ್ರಾವಣದಲ್ಲಿ. ಕೆಳಗೆ ವಂಶದವರ ಸಮಾಧಿಯ ಹೊಲದಲ್ಲಿ ಎಲ್ಲಿ ಅಗೆದರೂ ನೀರು ಜಿನುಗಿತು. ಬೇರೆ ದಾರಿಯಿಲ್ಲದೆ ದಿಬ್ಬದ ಮೇಲೆಯೇ, ಅವನು ಕಟ್ಟಿದ ಗೋಡೆಗಳ ಮುಂದೆ, ಅವನನ್ನು ಮಣ್ಣು ಮಾಡಿದರು. ಮೂರನೆಯ ದಿನ ಎಡೆ ತಂದ ಸಾವಂತ್ರೆವ್ವ ಅಲ್ಲೇ ಕೂತಳು, ಸಂಜೆಯಾದರೂ ಏಳಲಿಲ್ಲ. ಕರೆಯಲು ಬಂದ ಗಂಡನಿಗೆ ಹೇಳಿದಳು: “ಜೀವ ಇದ್ದಾಗ ನಲವತ್ತು ವರ್ಷ ಒಬ್ಬನ್ನ ಬಿಟ್ವಿ. ಈಗೂ ಬಿಡೂದ? ನಾ ಬರೂದಿಲ್ಲ.” ದ್ಯಾವಪ್ಪ ಜಗಳವಾಡಿದ, ಬೇಡಿಕೊಂಡ, ಕೊನೆಗೆ ತಾನೂ ಹಾಸಿಗೆ ತಂದ. ಆ ದೀಪಾವಳಿಗೆ ಒಂದು ಮನೆಗೆ ಮಾಳಿಗೆ ಹಾಕಿದರು. ವರ್ಷ ಎರಡು ಕಳೆಯುವುದರಲ್ಲಿ ಅಣ್ಣಂದಿರು ಬಂದರು, ಅವರ ಹಿಂದೆ ಊರು ಬಂತು. ಯಾರೂ ಹಳ್ಳದ ಭಯಕ್ಕೆ ಬಂದವರಲ್ಲ.

ಮೂರನೆಯ ವರ್ಷದ ಮಳೆಗೆ ಹಳೆಯ ಊರು ಒಂದೇ ಬೆಳಗಿನಲ್ಲಿ ಕೊಚ್ಚಿಹೋಯಿತು. ಒಂದು ಕರು ಸಹ ಸಾಯಲಿಲ್ಲ. ಎಲ್ಲರೂ ಅಂಚಿನಲ್ಲಿ ನಿಂತು ಕೆಂಪು ನೀರನ್ನು ನೋಡುತ್ತಿದ್ದಾಗ ದ್ಯಾವಪ್ಪ, “ಇವತ್ತು ಬೈಯಾಕಾದ್ರೂ ಇರಬೇಕಿತ್ತು ಮುದುಕ,” ಎಂದನಂತೆ.

ಈಗ ಬಂದವರಿಗೆ ಕಾಣುವುದು ಇಷ್ಟು: ಊರು ಬೆಳೆದು ಮನೆಗಳು ಎರಡೂ ಬದಿಗೆ ಹಬ್ಬಿದ್ದರಿಂದ ಆ ಸಮಾಧಿ ಓಣಿಯ ನಟ್ಟನಡುವೆ ನಿಂತಿದೆ. ಬಂಡಿಯಾಗಲಿ ಟ್ರ್ಯಾಕ್ಟರಾಗಲಿ ನೇರ ಹೋಗುವಂತಿಲ್ಲ. ಪಕ್ಕಕ್ಕೆ ಸರಿಸಬಾರದೇ ಎಂದು ಹೊಸಬರು ಕೇಳುತ್ತಾರೆ. ಊರಿನವರು ಗೊಣಗುತ್ತಲೇ ಎತ್ತಿನ ಮೂಗುದಾರ ಎಳೆದು, ಮುದುಕನನ್ನು ಸುತ್ತು ಹಾಕಿ, ಮನೆಗೆ ಹೋಗುತ್ತಾರೆ.