ನಾಲ್ಕನೆಯ ಮುಳ್ಳು

ಹೊಳೆಯ ದಂಡೆಯಲ್ಲೊಂದು ಸಣ್ಣ ಮಠ. ಅಲ್ಲಿ ಅಡವಯ್ಯಜ್ಜ ಎಂಬ ಗುರು, ಕೊಟ್ರಬಸ ಎಂಬ ಶಿಷ್ಯ. ಇಬ್ಬರೂ ತತ್ವಪದ ಹಾಡುವವರು. ಗುರುಗಳಿಗೆ ಒಂದು ಏಕತಾರಿ ಸಾಕಾಗಿತ್ತು. ಶಿಷ್ಯನಿಗೆ ಸಾಕಾಗಿರಲಿಲ್ಲ.

"ಅಜ್ಜಾರ, ನಾಲ್ಕು ಟ್ರ್ಯಾಕಿನ ಹಳೇ ರೆಕಾರ್ಡರ್ ಒಂದು ತಗೋಬೇಕಂತ ಮಾಡೀನ್ರಿ."

"ಯಾಕ?"

"ಒಂದ ಕ್ಯಾಸೆಟ್ಟಿನಾಗ ನಾಲ್ಕು ಹಾದಿ ಇರ್ತಾವ್ರಿ. ಒಂದರಾಗ ಏಕತಾರಿ, ಒಂದರಾಗ ತಾಳ, ಒಂದರಾಗ ನನ್ನ ದನಿ. ದನಿ ತಪ್ಪಿತು ಅನ್ರಿ, ಅದೊಂದನ್ನ ಅಳಿಸಿ ಮತ್ತ ಹಾಡೂದು. ತಪ್ಪಿದ್ದು ಯಾರಿಗೂ ಗೊತ್ತಾಗಂಗಿಲ್ಲ."

"ಯಾರಿಗೂ?"

"ಯಾರಿಗೂ ಇಲ್ರಿ."

ಗುರುಗಳು ಏಕತಾರಿಯ ತಂತಿಯನ್ನು ಒಮ್ಮೆ ಮೀಟಿದರು.

"ತರಿಸು," ಅಂದರು.

ಕೊಟ್ರಬಸ ಹೇಳಿಕಳಿಸಿದ ಮೂರನೇ ದಿನ ಮೌಲಾಸಾಬ ಮಾಸ್ತರು ಎರಡು ರೆಕಾರ್ಡರ್ ಹೊತ್ತು ಬಂದರು. ನಾಟಕ ಕಂಪನಿಗಳಲ್ಲಿ ತಬಲಾ ಬಾರಿಸಿ ಮುಪ್ಪಾದವರು. ಈಗ ಬೆರಳು ನಡುಗುತ್ತಿದ್ದವು.

"ಎರಡರಾಗ ಯಾವುದು ಬೇಕೋ ಆರಿಸ್ಕೊಪಾ. ಉಳಿದದ್ದು ನನಗಿರ್ಲಿ," ಅಂದರು. ಆಮೇಲೆ ಗುಂಡಿಗಳ ಮೇಲಿನ ಅಂಕಿ ಅಳಿಸಿಹೋಗಿದ್ದ ಹಳೆಯದರ ಮೇಲೆ ಕೈ ಇಟ್ಟರು. "ಇದರೊಳಗ ಕ್ಯಾಸೆಟ್ ಐತಿ. ಅದರಾಗ ನಮ್ಮ ಮನಿಯಾಕಿ ಮಾಬೂಬಿ ಇದ್ದಾಳ. ಆಕಿ ಮಣ್ಣಿಗೆ ಹೋಗಿ ಆರು ವರ್ಷ. ಆಕೀದಂತ ಉಳಿದದ್ದು ಇದೊಂದ. ಕಾಲು ತೊಳ್ಕೊಂಡು ಬಂದು ತೆಗೀತೀನಿ. ಅಲ್ಲೀತನಾ ಮುಟ್ಟಬ್ಯಾಡ."

ಮಾಸ್ತರು ಹೊಳೆಗೆ ಇಳಿದರು. ಗುರುಗಳು ಅವರಿಗೆ ಮಜ್ಜಿಗೆ ತರಲು ಒಳಗೆ ಹೋದರು.

ಕೊಟ್ರಬಸ ಮೊದಲು ಹೊಳೆಯುತ್ತಿದ್ದ ರೆಕಾರ್ಡರಿನ ಮುಚ್ಚಳ ತೆಗೆದ. ಟೇಪು ತಿರುಗಿಸುವ ಬೆಲ್ಟು ಮುದುಕನ ಉಡದಾರದ ಹಾಗೆ ಜೋತುಬಿದ್ದಿತ್ತು.

"ಮದುಮಗ ನೋಡಾಕ ಚಂದ, ಮೊಣಕಾಲ ಇಲ್ಲ," ಅಂದುಕೊಂಡ.

ಹಳೆಯದನ್ನು ಮುಟ್ಟಬಾರದಿತ್ತು. "ಕೇಳಿದ್ರ ಏನು ಸವೀತದ?" ಅಂತ ಗುಂಡಿ ಒತ್ತಿದ.

ನಾಲ್ಕು ಟ್ರ್ಯಾಕಿಗೆ ನಾಲ್ಕು ಮುಳ್ಳು. ಸದ್ದು ಇದ್ದಲ್ಲಿ ಮುಳ್ಳು ಏಳುತ್ತದೆ. ಮೂರು ಎದ್ದು ಕುಣಿದವು. ತಬಲಾ, ಹಾರ್ಮೋನಿಯಂ, ಮಾಸ್ತರ ದನಿ.

"ಹಾರ್ಮೋನಿಯಂ ಅವರ ಮನಿಯಾಕೀದು," ಅಂದುಕೊಂಡ.

ಹಾಡಿನ ಮೊದಲ ನುಡಿ ಮುಗಿದರೂ ನಾಲ್ಕನೆಯ ಮುಳ್ಳು ಮಲಗಿಯೇ ಇತ್ತು. ಖಾಲಿ ಟ್ರ್ಯಾಕು. ಅದೊಂದರಲ್ಲಿ ತುಂಬಿದರೆ ಉಳಿದ ಮೂರಕ್ಕೆ ಏನೂ ಆಗುವುದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೈಕ್ ಚುಚ್ಚಿದ. ನಾಲ್ಕನೆಯದಕ್ಕೆ ಮಾತ್ರ ರೆಕಾರ್ಡ್ ಕೊಟ್ಟ.

"ಹಲೋ, ಹಲೋ. ಒಂದು, ಎರಡು, ಮೂರು. ಕೊಟ್ರಬಸನ ದನಿ ಬರಾಕತ್ತದೋ ಇಲ್ಲೋ?"

ಹಾಡು ಮುಗಿಯುವ ತನಕ ಹಾಗೇ ಅನ್ನುತ್ತಿದ್ದ. ಆಮೇಲೆ ಟೇಪನ್ನು ಹಿಂದಕ್ಕೆ ಓಡಿಸಿ ಕೇಳಿದ. ಕಿವಿಯ ಹತ್ತಿರ ಉಸಿರು ಬಿಟ್ಟಷ್ಟು ಸ್ಪಷ್ಟ!

"ಇದನ್ನ ತಗೋತೀನಿ," ಅಂತ ತಿರುಗಿದ.

ಮಾಸ್ತರು ಒದ್ದೆ ಕಾಲಲ್ಲಿ ಬಾಗಿಲ ಹತ್ತಿರ ನಿಂತಿದ್ದರು.

"ನಾಲ್ಕನೇದರಾಗ ಏನು ಮಾಡಿದಿ?"

"ಅದು ಖಾಲಿ ಇತ್ತಲ್ರಿ ಮಾಸ್ತರ. ಮುಳ್ಳು ಅಳ್ಳಾಡಿದ್ದಿಲ್ಲ."

"ಆಕಿ ಅದರಾಗ ಹಾಡಿನ ಕಡೀ ನುಡಿಗೆ ಬರ್ತಾಳ," ಅಂದರು ಮಾಸ್ತರು.

ಕೊಟ್ರಬಸ ಮೈಕ್ ಕಿತ್ತು ಕೆಳಗಿಟ್ಟ.

"ಮೂವತ್ತು ವರ್ಷ ಹಾಡು ಹಾಡು ಅಂತ ಗಂಟುಬಿದ್ದಿದ್ದೆ. ಒಲ್ಲೆ, ನಾಚಿಕಿ ಬರ್ತದ ಅಂತಿದ್ಲು. ಅವತ್ತ ಒಂದಿನ, ರೊಟ್ಟಿ ಬಡಿಯೂದು ಬಿಟ್ಟು ಬಂದು, ಹಿಟ್ಟಿನ ಕೈಯಾಗ ನಿಂತು ಕಡೀ ನುಡಿ ಹಾಡಿದ್ಲು. ಹಾರ್ಮೋನಿಯಂ ನಾನ ಬಾರಿಸಿದ್ದು, ಆಕೀದು ಅದೊಂದ ನುಡಿ."

ಕೊಟ್ರಬಸ ಟೇಪು ಹಿಂದಕ್ಕೆ ತಿರುಗಿಸಿದ. ಮೊದಲಿಂದ ಕೇಳಿಸಿದ. ಕಡೆಯ ನುಡಿ ಬಂತು. "ಒಂದು, ಎರಡು, ಮೂರು," ಅಂತ ಅವನ ದನಿಯೇ ಬಂತು.

ಅವನು ಮಾಸ್ತರ ಕಾಲಿಗೆ ಬಿದ್ದ. ಮಾಸ್ತರು ಬೈಯಲಿಲ್ಲ. ಗೋಡೆಗೆ ಆತು ಕುಳಿತರು. ಅವರ ಬೆರಳುಗಳು ನೆಲದ ಮೇಲೆ ತಾಳ ಹಾಕುತ್ತಿದ್ದವು.

ಗುರುಗಳು ಮಜ್ಜಿಗೆ ತಂದರು. ಇಬ್ಬರನ್ನೂ ನೋಡಿದರು. ಕೊಟ್ರಬಸ ಮುಚ್ಚಿಡದೆ ಎಲ್ಲ ಹೇಳಿದ.

"ಅಜ್ಜಾರ, ಆ ದನಿ ಮತ್ತ ಬರೂದು ಹೆಂಗ?"

"ಬರಂಗಿಲ್ಲ."

"ಬ್ಯಾರೆ ಹಾದಿ ಇಲ್ಲೇನ್ರಿ?"

"ಇಲ್ಲ."

ಶಿಷ್ಯ ಕಣ್ಣೊರೆಸಿಕೊಂಡು ರೆಕಾರ್ಡರಿನ ಮುಂದೆ ಕುಳಿತ. "ನನ್ನ ಹಾಳು ಬಡಬಡಿಕಿನರ ಅಳಿಸ್ತೀನಿ. ಆಕಿ ಜಾಗ ಸ್ವಚ್ಛ ಮಾಡಿ ಕೊಡ್ತೀನಿ ಮಾಸ್ತರ. ಅಷ್ಟರ ಮಾಡಾಕ ಬಿಡ್ರಿ."

ಮಾಸ್ತರು ಗುರುಗಳ ಮುಖ ನೋಡಿದರು. "ಹೂಂ ಅನ್ಲೋ ಬ್ಯಾಡ ಅನ್ಲೋ, ನನಗ ತಿಳೀವಲ್ದು ಅಜ್ಜಾರ."

ಕೊಟ್ರಬಸನ ಬೆರಳು ಗುಂಡಿಯ ಮೇಲಿತ್ತು. ಗುರುಗಳು ಅವನ ಮುಂಗೈ ಹಿಡಿದರು.

"ಬ್ಯಾಡ, ತಮ್ಮಾ. ಹಾಡಿನ ನಡುವ ನೀ ಮಾತಾಡಿದ್ದು ಕೇಳಿದವರು, ಇಲ್ಲಿ ಮೊದಲು ಯಾರಿದ್ರು ಅಂತ ಕೇಳ್ತಾರ. ಅದನ್ನೂ ಅಳಿಸಿದಿ ಅಂದ್ರ, ಕೇಳವ್ರೂ ಇರಂಗಿಲ್ಲ."