ಮಾಳಮ್ಮನ ಅನುಮಾನ

ಹೊದ್ಕೊಂಡು ಮಲಕ್ಕೋ, ಹೇಳ್ತೀನಿ. ನಮ್ಮಜ್ಜಿಯ ಅಜ್ಜಿ ಹುಟ್ಟೋಕೂ ಮುಂಚೆ, ಒಂದಾನೊಂದು ಕಾಲದಲ್ಲಿ, ಹೊಳೆ ಉಕ್ಕಿ ಊರೂರೇ ಮುಳುಗಿ ಹೋಯ್ತಂತೆ. ಆಗ ಬೇರೆ ಬೇರೆ ಊರಿನ ಮೂರು ಮನೆಯವರು ಬಂದು ಒಂದು ದಿಬ್ಬ ಹತ್ತಿದರಂತೆ. ದೋಣಿ ನಡೆಸೋ ತೋಪಯ್ಯ ಮತ್ತವನ ಮುದಿ ಅಪ್ಪ, ಮಡಕೆ ಮಾಡೋ ಸಿದ್ದಿ, ಅವಳ ಗಂಡ, ಒಂದು ಎಳೇ ಕೂಸು. ಇನ್ನೊಬ್ಬಳು ಮಾಳಮ್ಮ, ಒಂಟಿ ಹೆಂಗಸು, ಏಳು ಕುರಿ ಹೊಡ್ಕೊಂಡು ಬಂದಿದ್ಲಂತೆ. ಎಲ್ಲರೂ ಸೇರಿ ಒಂದೇ ಒಲೆ ಹೂಡಿದರಂತೆ.

ಮಾಳಮ್ಮನಿಗೋ ಯಾರ ಮೇಲೂ ನಂಬಿಕೆ ಇಲ್ಲ. ಇವರು ಎಂಥೋರೋ ಏನೋ, ನಕ್ಕರೆ ಯಾಕೆ ನಕ್ಕರು, ಸುಮ್ಮನಿದ್ದರೆ ಏನು ಸಂಚು ಹೂಡ್ತಿದಾರೆ ಅಂತ ಕುರಿಗಳ ಪಕ್ಕದಲ್ಲೇ ಕೂತಿರೋಳಂತೆ. ಆಮೇಲೆ ಒಂದಿನ ನೋಡ್ತಾಳೆ, ಅವಳ ಉಪ್ಪಿನ ಗಂಟು ಅರ್ಧ ಖಾಲಿ! ಯಾರನ್ನೂ ಕೇಳಲಿಲ್ಲ. ನಾಲ್ಕು ಕೆಂಡ ಎತ್ಕೊಂಡು ಹೋಗಿ ಬೇರೆ ಒಲೆ ಹೂಡಿದ್ಲಂತೆ. ಅದನ್ನ ನೋಡಿ ತೋಪಯ್ಯನೂ ಬೇರೆ ಹೂಡಿದನಂತೆ. ಮೂರು ಒಲೆ ಆಯ್ತು, ಮಾತು ನಿಂತಿತು.

ಆಮೇಲೆ ಒಂದು ಬೆಳಗ್ಗೆ ಕುರಿ ಎಣಿಸಿದ್ರೆ ಆರೇ ಇದಾವೆ. ಸಿದ್ದಿ ಒಲೆ ಮೇಲೆ ಏನೋ ಕುದೀತಿದೆ. ಅವಳು ನೀರಿಗೆ ಹೋದದ್ದು ನೋಡಿ ಮಾಳಮ್ಮ ಮೆಲ್ಲಗೆ ಮುಚ್ಚಳ ತೆಗೆದ್ಲಂತೆ. ಬರೀ ಸೊಪ್ಪು! ಆಮೇಲೆ ಪೊದೆ ಹತ್ರ ಹೋದ್ರೆ ರಕ್ತ, ಉಣ್ಣೆ, ತೋಳದ ಹೆಜ್ಜೆ. ಪಾಪ, ಅದೂ ನೀರಿಗೆ ಹೆದರಿ ದಿಬ್ಬ ಹತ್ತಿತ್ತು. ಹೇಳ್ಬೇಕು ಅನ್ನಿಸ್ತಂತೆ. ಹೇಳಿದ್ರೆ ಮೊದಲು ಯಾರನ್ನ ಅನುಮಾನಿಸಿದೆ ಅಂತ ಕೇಳ್ತಾರಲ್ಲ ಅಂತ ನಾಚ್ಕೊಂಡು ಬಾಯಿ ಮುಚ್ಕೊಂಡ್ಲಂತೆ.

ಅವತ್ತು ಸಂಜೆ ತೋಳ ಸೀದಾ ಸಿದ್ದಿಯ ಕೂಸಿನ ಹತ್ರಾನೇ ಬಂತಂತೆ! ತೋಪಯ್ಯ ದೋಣಿಯ ಹುಟ್ಟು ಬೀಸಿ ಓಡಿಸಿದ, ಆದರೆ ತೋಳು ಕಚ್ಚಿಸ್ಕೊಂಡ. ಸಿದ್ದಿ ಕೂಸನ್ನ ತಬ್ಕೊಂಡು ಅತ್ತಳಂತೆ, ತೋಳ ಇರೋದು ಒಬ್ಬರಿಗಾದರೂ ಗೊತ್ತಿದ್ದಿದ್ರೆ ಹಿಂಗಾಗ್ತಿರಲಿಲ್ಲ ಅಂತ. ಸುಮ್ಮನಿದ್ದಿದ್ರೆ ಮಾಳಮ್ಮನ ಗುಟ್ಟು ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೂ ಎದ್ದು ನಿಂತು, ನಂಗೆ ಗೊತ್ತಿತ್ತು ಕಣವ್ವಾ, ನನ್ನ ಕುರಿ ನೀನೇ ಬೇಯಿಸ್ಕೊಂಡೆ ಅಂತ ನಿನ್ನ ಮಡಕೆ ಇಣುಕಿದ್ದೆ, ಅದಕ್ಕೇ ಹೇಳಲಿಲ್ಲ ಅಂದ್ಲಂತೆ.

ಆಗ ಸಿದ್ದಿ ತಲೆ ತಗ್ಗಿಸಿ, ಉಪ್ಪು ಕದ್ದಿದ್ದು ನಾನೇ, ಕೇಳಿದ್ರೆ ನೀನು ಕೊಡ್ತಿದ್ಯಾ ಅಕ್ಕಾ ಅಂದ್ಲು. ಇಲ್ಲ, ಕೊಡ್ತಿರಲಿಲ್ಲ ಅಂದ್ಲು ಮಾಳಮ್ಮ. ತೋಪಯ್ಯ, ನೀವೆಲ್ಲ ಸೇರಿ ನನ್ನ ದೋಣಿ ಕದ್ಕೊಂಡು ಹೋಗ್ತೀರ ಅಂತ ನಾನು ದೋಣಿಯೊಳಗೇ ಮಲಗ್ತಿದ್ದೆ ಅಂದ. ಅದನ್ನ ಕೇಳಿ ಅವನ ಮುದಿ ಅಪ್ಪ ಕೆಮ್ಮು ಬರೋ ಹಂಗೆ ನಕ್ಕನಂತೆ, ಆಮೇಲೆ ಎಲ್ಲರೂ ನಕ್ಕರಂತೆ.

ಆಮೇಲೆ ಎಲ್ಲರೂ ಕೊಳ್ಳಿ ಹಿಡ್ಕೊಂಡು ಕೂಗ್ತಾ ಹೋಗಿ ತೋಳಾನ ಹೊಳೆಗೆ ಹಾರಿಸಿದರಂತೆ. ಅವತ್ತಿಂದ ಮತ್ತೆ ಒಂದೇ ಒಲೆ ಹೂಡಿ ಒಂದು ಕಟ್ಟಳೆ ಮಾಡ್ಕೊಂಡರು, ಉಣ್ಣೋಕೆ ಕೂರೋ ಮುಂಚೆ ಅವರವರ ಅನುಮಾನ ಎದುರಿಗೇ ಹೇಳಿಬಿಡಬೇಕು ಅಂತ. ಜಗಳ ಆಗಲಿಲ್ವಾ ಅಂತೀಯಾ? ದಿನಾ ಆಗ್ತಿತ್ತಂತೆ! ಆದರೂ ಕೂತು ಉಣ್ತಿದ್ರಂತೆ.

ಆಮೇಲೆ ನೀರು ಇಳೀತು. ಇನ್ನು ನಿಮ್ಮೂರಿಗೆ ಹೋಗಲ್ವಾ ಅಕ್ಕಾ ಅಂತ ತೋಪಯ್ಯ ಕೇಳಿದನಂತೆ. ಅದಕ್ಕೆ ಮಾಳಮ್ಮ, ಅಲ್ಲಿರೋರ ಮನಸ್ಸಲ್ಲಿ ಏನಿದೆಯೋ ಯಾರಿಗೆ ಗೊತ್ತಪ್ಪಾ, ನಿಮ್ಮದಾದ್ರೆ ಎಲ್ಲಾ ಕೇಳಿದೀನಿ, ಇಲ್ಲೇ ಇರ್ತೀನಿ ಅಂದ್ಲಂತೆ. ಹಂಗೆ ಆ ದಿಬ್ಬದ ಮೇಲೆ ಒಂದು ಊರಾಯ್ತಂತೆ. ಕತೆಯೂ ಮುಗೀತು, ನಿನ್ನ ಕಣ್ಣೂ ಮುಚ್ತಾ ಬಂತು.